ಗಿಡ ಏರುವವರು ಯಾರು?

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ಬೇಸಿಗೆಯಲ್ಲಿ ತಿಕೋಟಾದ ಕಡೆ ಬಂದಿರಲಿಕ್ಕಿಲ್ಲ. ಆಡು ಮುಟ್ಟುತ್ತದೆ, ಅದರಲ್ಲಿ ಸಂಶಯವಿಲ್ಲ. ಮುಟ್ಟಲಿಕ್ಕೆ ಸೊಪ್ಪು ಇರಬೇಕಲ್ಲ. ಯುಗಾದಿ ಕಳೆದು ವಾರವಾಗುವುದರೊಳಗೆ ನೆಲದ ಮೇಲೆ ಹಸಿರು ಹೆಸರಿಗೂ ಉಳಿಯುತ್ತಿರಲಿಲ್ಲ. ಇದ್ದದ್ದೆಲ್ಲ ಗಿಡದ ನೆತ್ತಿಯ ಮೇಲೆ. ಮುದುಕವ್ವನ ಮನೆಯ ಹತ್ತೊಂಬತ್ತು ಆಡುಗಳು ಬೆಳಗಾಗುವುದೇ ತಡ ಹಿತ್ತಿಲ ಬೇವಿನ ಗಿಡದ ಬುಡಕ್ಕೆ ಬಂದು, ಕತ್ತು ಮೇಲೆ ಮಾಡಿ ಒದರತೊಡಗುತ್ತಿದ್ದವು. ಅವುಗಳಿಗೆ ಮೇಲಿನಿಂದ ಸೊಪ್ಪು-ತಪ್ಪಲು ಇಳಿಸುವವಳು ಮುದುಕವ್ವನ ಮೊಮ್ಮಗಳು, ಹನ್ನೊಂದು ವರ್ಷದ ಸಕ್ರವ್ವ.

ಮೊದಲು ಈ ಕೆಲಸ ಸಕ್ರವ್ವನ ಅಪ್ಪ ಯಲಗೂರಪ್ಪನದಾಗಿತ್ತು. ಎರಡು ವರ್ಷದ ಹಿಂದೆ ಅವನು ಹೊನವಾಡದ ದಾರಿಯ ಬಸರಿ ಗಿಡದಿಂದ ಬಿದ್ದು ಬಲಗಾಲು ಮುರಿದುಕೊಂಡ. ಹಳ್ಳಿಯ ವೈದ್ಯ ಕಟ್ಟಿದ ಕಾಲು ಕೂಡಿತು, ಆದರೆ ಮೊಣಕಾಲು ಮಡಚದಂತೆ ಕೂಡಿತು. ಅಂದಿನಿಂದ ಕೋಲು ಊರಿಕೊಂಡು ಆಡು ಕಾಯುವುದು ಅವನ ಪಾಲಿಗೆ, ಗಿಡ ಏರುವುದು ಮಗಳ ಪಾಲಿಗೆ. ಉಳಿದದ್ದೆಲ್ಲ ಅವನ ಹೆಂಡತಿ ತಾಯವ್ವನ ಪಾಲಿಗೆ. ‘ಉಳಿದದ್ದು’ ಎನ್ನುವ ಮಾತು ಹೇಳಲಿಕ್ಕೆ ಸಣ್ಣದು. ನೀರು ಹೊರುವುದು, ಬೀಸುವುದು, ರೊಟ್ಟಿ ಬಡಿಯುವುದು, ಹಾಲು ಹಿಂಡುವುದು, ಕೊಟ್ಟಿಗೆ ಗುಡಿಸುವುದು, ಮಧ್ಯಾಹ್ನದ ತನಕ ಮಂದಿಯ ಹೊಲದಲ್ಲಿ ಕೂಲಿ, ಎಲ್ಲವೂ ಅದರೊಳಗೆ ಹಿಡಿಯುತ್ತಿತ್ತು.

ಗಿಡ ಏರುವುದೊಂದು ಮಾತ್ರ ಅದರೊಳಗೆ ಇರಲಿಲ್ಲ. ಆ ಮನೆಯಲ್ಲಿ ಸೊಸೆಯಾಗಿ ಬಂದವಳು ಗಿಡಕ್ಕೆ ಕಾಲು ಹಚ್ಚುವ ಹಾಗಿರಲಿಲ್ಲ. ಲಗ್ನವಾಗದ ಹುಡುಗಿ ಏರಬಹುದು. ತಾಳಿ ಕಟ್ಟಿಸಿಕೊಂಡವಳು ಏರಿದರೆ ಆ ಗಿಡ ಮತ್ತೆ ಚಿಗುರುವುದಿಲ್ಲ. ಇದನ್ನು ಮುದುಕವ್ವನಿಗೆ ಅವಳ ಅತ್ತೆ ಹೇಳಿದ್ದಳು, ಮುದುಕವ್ವ ತಾಯವ್ವನಿಗೆ ಹೇಳಿದ್ದಳು. ಹಾಗಾಗಿ ತಾಯವ್ವ ಮುಂಜಾನೆ ಹಾಲಿನ ತಂಬಿಗೆ ಹಿಡಿದು ಗಿಡದ ಕೆಳಗೆ ನಿಂತು ಬಾಯಿಂದಲೇ ಗಿಡ ಏರುತ್ತಿದ್ದಳು.

“ಎಡಗಾಲ ಆ ಕವಲಿಗೆ ಹಾಕು. ಅದಕ್ಕಲ್ಲ, ಅದರ ಮ್ಯಾಲಿಂದಕ್ಕ. ತೊಡಿ ಬಿಗಿ ಹಿಡಿ. ಈಗ ಕೈ ಬಿಡು.”

“ಬಿಟ್ಟೇನ್ ಬೇ.”

“ಎಲ್ಲಿ ಬಿಟ್ಟಿ? ಕೈ ಇರೂದು ಕುಡಗೋಲಿಗೆ, ಟೊಂಗಿ ಅಪ್ಪಿಕೊಂಡು ಕುಂದ್ರಾಕಲ್ಲ. ಹಾಂ. ಮೊದಲ ಒದರು.”

ಟೊಂಗೆ ಕೆಡವುವ ಮೊದಲು ಒದರಬೇಕು. ಕೆಳಗೆ ಆಡು ಇರುತ್ತವೆ, ಮರಿ ಇರುತ್ತವೆ, ಒಮ್ಮೊಮ್ಮೆ ಮಂದಿಯೂ ಇರುತ್ತಾರೆ. ಸಕ್ರವ್ವ ಮೇಲಿನಿಂದ ರಾಗ ಎಳೆದು ಒದರುತ್ತಿದ್ದಳು: “ಸರೀರಿ, ಸರೀರಿ, ಬರಾಕತ್ತೈತಿ.” ಆಡಿಗೂ ‘ರಿ’ ಹಚ್ಚಿ ಮಾತಾಡುವುದು ಬಬಲೇಶ್ವರದವರ ದೊಡ್ಡಸ್ತಿಕೆ ಎಂದು ಮುದುಕವ್ವ ಸೊಸೆಯ ತವರನ್ನು ಹಂಗಿಸುತ್ತಿದ್ದಳು. ತಾಯವ್ವನಿಗೆ ಉತ್ತರ ಕೊಡಲು ಬರುತ್ತಿರಲಿಲ್ಲವೆಂದಲ್ಲ. ಉತ್ತರ ಕೊಟ್ಟರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಹಾಲು ಆರುತ್ತದೆ. ಅವಳಿಗೆ ಪುರಸೊತ್ತು ಇರಲಿಲ್ಲ.

ಅರವತ್ತಮೂರನೆಯ ಇಸವಿಯ ಆ ಬೇಸಿಗೆಯಲ್ಲಿ ಒಂದು ದಿನ ಊರ ಸಾಲೆಯ ಡ್ರಿಲ್ ಮಾಸ್ತರ ಬುಡ್ಡೇಸಾಬ ಊಟದ ಹೊತ್ತಿಗೆ ಬಾಗಿಲಿಗೆ ಬಂದ. ಯಲಗೂರಪ್ಪ ಕಾಲು ಚಾಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದ. ಏಳಲು ನೋಡಿದ, ಆಗಲಿಲ್ಲ.

“ಕುಂದ್ರು, ಕುಂದ್ರು,” ಎಂದು ಮಾಸ್ತರ ತಾನೇ ಹೊಸ್ತಿಲ ಮೇಲೆ ಕೂತ. “ಎಂಟು ದಿನದಿಂದ ನಿಮ್ಮ ಹಿತ್ತಲದಾಗ ನೋಡಾಕತ್ತೇನಿ. ನಿಮ್ಮ ಹುಡುಗಿ ಮೊಣಕಾಲಿನ್ಯಾಗ ಟೊಂಗಿ ಹಿಡಕೊಂಡು ತಲಿ ಕೆಳಗ ಮಾಡಿ ತಪ್ಪಲ ಕಡಿತಾಳ.”

“ತಪ್ಪೇನಾತ್ರಿ ಮಾಸ್ತರ?” ಎಂದಳು ಮುದುಕವ್ವ ಒಳಗಿನಿಂದ.

“ತಪ್ಪಲ್ಲಬೇ ಯವ್ವಾ. ವಿಜಾಪುರದಾಗ ಹೆಣ್ಣುಮಕ್ಕಳಿಗೆ ಒಂದು ವ್ಯಾಯಾಮ ಶಾಲಿ ತಗದಾರ. ಹಗ್ಗ ಏರೂದು, ತೊಲಿ ಮ್ಯಾಲ ನಡಿಯೂದು, ಲಾಗಾ ಹೊಡಿಯೂದು ಕಲಸ್ತಾರ. ಆರು ಹುಡುಗ್ಯಾರನ್ನ ಆರಿಸಿ ತಾವ ಇಟಗೊಂಡು, ಊಟಾ ಹಾಕಿ, ಸಾಲಿಗೂ ಕಳಸ್ತಾರ. ಮುಂದ ಬೆಂಗಳೂರು, ದಿಲ್ಲಿಗೆ ಪಂದ್ಯಕ್ಕ ಹೋಗಬಹುದು. ಬರೂ ತಿಂಗಳ ಆರಸ್ತಾರ. ನಾ ಸಕ್ರವ್ವನ್ನ ಕರಕೊಂಡು ಹೋಗ್ತೇನಿ.”

ಯಲಗೂರಪ್ಪ ಬಾಯಲ್ಲಿಟ್ಟ ತುತ್ತು ನುಂಗಲಿಲ್ಲ. ಸಕ್ರವ್ವ ಕಂಬಕ್ಕೆ ಆತು ನಿಂತವಳು ತಾಯಿಯ ಮುಖ ನೋಡಿದಳು. ಮುದುಕವ್ವ ಒಳಗಿನಿಂದ ಹೊರಗೆ ಬಂದಳು.

“ಹೋಗ್ಲಿರಿ. ಊಟಾ ಹಾಕ್ತಾರ, ಸಾಲಿ ಕಲಸ್ತಾರ, ಯಾರ ಬ್ಯಾಡಂತಾರ. ನನಗೊಂದ ಹೇಳ್ರಿ. ಗಿಡ ಏರವರು ಯಾರು?”

ಮಾಸ್ತರ ಒಂದು ತಂಬಿಗೆ ನೀರು ಕೇಳಿದ. ನೀರು ಕುಡಿದು ಎದ್ದು ಹೋದ.

ಹೋಗುವಾಗ ತಾಯವ್ವನಿಗೆ ಒಂದು ಮಾತು ಹೇಳಿ ಹೋದ: ಹುಡುಗಿಗೆ ಪರಕಾರ ಬಿಟ್ಟು ಒಂದು ಚಡ್ಡಿ ಹೊಲಿಸಬೇಕು, ದಿನಾ ಒಂದು ಬಟ್ಟಲು ಹಾಲು ಕೊಡಬೇಕು. ಚಡ್ಡಿಯೇನೋ ಗಂಡನ ಹಳೆ ಧೋತರ ಹರಿದು ತಾಯವ್ವ ತಾನೇ ಹೊಲಿದಳು. ಜಗಳ ಬಂದದ್ದು ಹಾಲಿಗೆ. ಆ ಹಾಲು ಬಸ್ ನಿಲ್ದಾಣದ ಚಹಾದಂಗಡಿಗೆ ಹೋಗುವ ಹಾಲು. ಮನೆಯವರು ಮಜ್ಜಿಗೆಗೂ ಲೆಕ್ಕ ಹಿಡಿಯುತ್ತಿದ್ದರು.

“ಆಡಿನ ಹಾಲ ಕುಡದು ಆಡಿಗೇ ಎರವಾಗಾಕಿಗೆ ಹಾಲ ಬ್ಯಾರೆ,” ಎಂದಳು ಮುದುಕವ್ವ.

“ಎರಡ ವರ್ಷ ಆತು ಅತ್ತಿ, ಆಡಿನ ಹೊಟ್ಟಿ ತುಂಬಿಸಾಕಿ ಅಕೀನ. ಅಕಿ ಹೊಟ್ಟಿಗೆ ಒಂದ ಬಟ್ಟಲ ಬಿದ್ರ ಏನಾತು?”

“ನೀ ಕುಡದಿಯೇನ ಈ ಮನಿಗೆ ಬಂದ ಮ್ಯಾಲ? ನಾ ಕುಡದೇನೇನ?”

“ಇಲ್ಲ,” ಎಂದಳು ತಾಯವ್ವ. “ಅದಕ್ಕ ಕೊಡ್ತೇನಿ.”

ಮುದುಕವ್ವ ಆ ದಿನ ಸೊಸೆಯ ಕೈಯ ರೊಟ್ಟಿ ಮುಟ್ಟಲಿಲ್ಲ. ಮರುದಿನ ಹಸಿವು ಕೇಳಲಿಲ್ಲ, ಎರಡು ರೊಟ್ಟಿ ತಿಂದು, ಉಪ್ಪು ಕಡಿಮೆ ಎಂದಳು. ನೆರೆಮನೆಯ ತಿಪ್ಪವ್ವ ನೀರಿಗೆ ಹೋಗುವಾಗ ನಿಂತು, “ಏನ ತಾಯವ್ವ, ಮಗಳನ್ನ ಹಗ್ಗದ ಮ್ಯಾಲ ಕುಣಿಯಾಕ ಕಳಸ್ತೀಯಂತಲ್ಲ,” ಎಂದು ಕೇಳಿದಳು. ತಾಯವ್ವ ಕೊಡ ಇಳಿಸದೆಯೇ, “ಹೌದವ್ವಾ, ನೆಲದ ಮ್ಯಾಲ ಕುಣಿಸವರು ಭಾಳ ಮಂದಿ ಅದಾರ,” ಎಂದು ಮುಂದೆ ನಡೆದಳು. ಅಷ್ಟು ಹೇಳಿದ್ದಕ್ಕೆ ಅವಳಿಗೆ ಸಂತೋಷವೇನೂ ಆಗಲಿಲ್ಲ. ಕೊಡ ಭಾರವಾಗಿತ್ತು, ಇನ್ನೂ ನಾಲ್ಕು ಕೊಡ ತರುವುದಿತ್ತು.

ಆರಿಸುವ ದಿನ ಅಥಣಿ ರಸ್ತೆಯ ಮೊದಲ ಬಸ್ಸಿಗೆ ಮಾಸ್ತರ, ತಾಯವ್ವ, ಸಕ್ರವ್ವ ಮೂವರೂ ವಿಜಾಪುರಕ್ಕೆ ಹೋದರು. ಆಡಿನ ತಪ್ಪಲನ್ನು ಹಿಂದಿನ ಸಂಜೆಯೇ ಎರಡು ದಿನಕ್ಕಾಗುವಷ್ಟು ಕೆಡವಿ ಇಟ್ಟಿದ್ದರಿಂದ ಮುದುಕವ್ವನಿಗೆ ಬೈಯಲು ಕಾರಣ ಸಿಗಲಿಲ್ಲ; ತಪ್ಪಲು ಬಾಡುತ್ತದೆ ಎಂದಷ್ಟೇ ಬೈದಳು. ಸಿದ್ಧೇಶ್ವರ ಗುಡಿಯ ಹಿಂದಿನ ಒಂದು ಹಳೆಯ ವಾಡೆಯ ಅಂಗಳದಲ್ಲಿ ಕಬ್ಬಿಣದ ಚೌಕಟ್ಟಿಗೆ ದಪ್ಪ ಹಗ್ಗ ಕಟ್ಟಿದ್ದರು. ಪಕ್ಕದಲ್ಲಿ ಸೊಂಟದೆತ್ತರಕ್ಕೆ ಒಂದು ಮರದ ತೊಲೆ. ಹದಿನಾಲ್ಕು ಹುಡುಗಿಯರು ಬಂದಿದ್ದರು, ಹೆಚ್ಚಿನವರು ಪೇಟೆಯವರು, ಇಸ್ತ್ರಿ ಮಾಡಿದ ಫ್ರಾಕಿನವರು. ಅವರ ನಡುವೆ ಧೋತರದ ಚಡ್ಡಿಯ ತನ್ನ ಮಗಳನ್ನು ನೋಡಿ ತಾಯವ್ವನಿಗೆ ಇದೆಲ್ಲ ಬೇಡವಾಗಿತ್ತು ಅನಿಸಿತು.

ಕಲಿಸುವ ಗೌರಾಬಾಯಿ ನಲವತ್ತರ ಹೆಂಗಸು, ಕೊರಳಲ್ಲಿ ಸೀಟಿ. ಒಬ್ಬೊಬ್ಬರನ್ನೇ ತೊಲೆಯ ಮೇಲೆ ನಡೆಸಿದಳು. ಪೇಟೆಯ ಹುಡುಗಿಯರು ಎರಡೂ ಕೈ ಚಾಚಿ, ಉಸಿರು ಹಿಡಿದು ನಡೆದರು. ಸಕ್ರವ್ವ ಕೈ ಚಾಚಲೇ ಇಲ್ಲ. ಟೊಂಗೆಯ ಮೇಲೆ ಒಂದು ಕೈಯಲ್ಲಿ ಕುಡಗೋಲು ಹಿಡಿದು ನಡೆದು ರೂಢಿಯಾದವಳು ತೊಲೆಯ ಆ ತುದಿಗೆ ಹೋಗಿ, ತಿರುಗಿ, ಈ ತುದಿಗೆ ಬಂದಳು.

ಆಮೇಲೆ ಹಗ್ಗ. ಅವಳು ಏರಿದಳು, ತುದಿಗೆ ಮುಟ್ಟಿ ತೊಡೆಯಲ್ಲಿ ಹಗ್ಗ ಬಿಗಿದಳು, ಎರಡೂ ಕೈ ಬಿಟ್ಟು ತಲೆ ಕೆಳಗೆ ಮಾಡಿದಳು. ಇನ್ನು ಇಳಿಯಬೇಕು ಅನ್ನುವಾಗ ತಲೆಕೆಳಗಾಗಿದ್ದಲ್ಲಿಂದಲೇ ರಾಗ ಎಳೆದು ಒದರಿದಳು:

“ಸರೀರಿ, ಸರೀರಿ, ಬರಾಕತ್ತೈತಿ.”

ಇಸ್ತ್ರಿ ಫ್ರಾಕಿನ ಹುಡುಗಿಯರು, ಅವರ ತಾಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬುಡ್ಡೇಸಾಬ ಮಾಸ್ತರ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ. ತಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾಚಿಕೆಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಗೌರಾಬಾಯಿ ಮಾತ್ರ ನಗಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು. ಸಕ್ರವ್ವ ಮಣ್ಣಿಗೆ ಇಳಿದ ಮೇಲೆ ಕೇಳಿದಳು:

“ಯಾರ ಕಲಿಸ್ಯಾರ ನಿನಗ?”

“ಅವ್ವಾರಿ. ಗಿಡ ಏರಿ ತಪ್ಪಲ ಕಡಿಯಾಕರಿ.”

“ನಿಮ್ಮವ್ವ ಗಿಡ ಏರತಾರೇನು?”

“ಇಲ್ರಿ. ಕೆಳಗ ನಿಂತು ಹೇಳತಾಳ್ರಿ.”

ಗೌರಾಬಾಯಿ ತಾಯವ್ವನ ಕಡೆ ತಿರುಗಿದಳು. “ಏರದಾಕಿಗೆ ಹೇಳಾಕ ಹ್ಯಾಂಗ ಬರತೈತಿ?”

“ಸಣ್ಣಾಕಿ ಇದ್ದಾಗ ಏರತಿದ್ನಿರಿ. ತವರುಮನ್ಯಾಗ. ಬಬಲೇಶ್ವರದ ಆಲದ ಗಿಡ ಒಂದೂ ಬಿಟ್ಟಿಲ್ರಿ.”

“ಮತ್ತ ಯಾಕ ಬಿಟ್ರಿ?”

“ಲಗ್ನ ಆತ್ರಿ.”

ಗೌರಾಬಾಯಿ ಹೆಸರು ಬರೆದುಕೊಂಡಳು. ಜೂನ್ ಮೊದಲ ವಾರ, ಮಿರುಗದ ಮಳೆ ಕೂಡುವ ಹೊತ್ತಿಗೆ ಹುಡುಗಿಯನ್ನು ತಂದು ಬಿಡಬೇಕು, ತಡವಾದರೆ ಏಳನೆಯ ಹುಡುಗಿ ಕಾಯುತ್ತಿದ್ದಾಳೆ ಎಂದಳು.

ಮನೆಗೆ ಬಂದು ಸಕ್ರವ್ವ ಎಲ್ಲವನ್ನೂ ಹೇಳಿದಳು, ಹೇಳಬಾರದ್ದನ್ನೂ ಹೇಳಿದಳು. ಮುದುಕವ್ವ ಜೋಳ ಆರಿಸುತ್ತಿದ್ದ ಕೈ ನಿಲ್ಲಿಸಿದಳು.

“ಆಲದ ಗಿಡ ಒಂದೂ ಬಿಟ್ಟಿಲ್ಲಂತ? ಹೆಣ್ಣ ಕೊಡೂಮುಂದ ಬಬಲೇಶ್ವರದವರು ಇದನ್ನ ಹೇಳಿರಲಿಲ್ಲ.”

“ನೀವೂ ಕೇಳಿರಲಿಲ್ರಿ ಅತ್ತಿ.”

“ಈಗ ಕೇಳತೇನಿ. ಮಗಳ ಹೋದ್ರ ಗಿಡ ಏರವರು ಯಾರು?”

ಐದು ವಾರ ಆ ಮನೆಯಲ್ಲಿ ಇದೊಂದೇ ಪ್ರಶ್ನೆ. ಒಲೆಯ ಮುಂದೆ ಇದೇ, ಬೀಸುಕಲ್ಲಿನ ಮುಂದೆ ಇದೇ. ಸಾಬಣ್ಣ ಎಂಬವನನ್ನು ಗೊತ್ತು ಮಾಡಿದರು. ಅವನು ಕೂಲಿಯೆಂದು ಈಯುವ ಆಡಿಗೊಂದು ಮರಿ ಕೇಳಿದ, ಮೂರು ದಿನ ಬಂದ, ಟೊಂಗೆ ಆರಿಸದೆ ಬುಡಕ್ಕೇ ಕಡಿದ. ನಾಲ್ಕನೆಯ ದಿನ ಮನೆ ಕಟ್ಟುವ ಗೌಂಡಿ ಕೆಲಸ ಸಿಕ್ಕಿತೆಂದು ಬರಲಿಲ್ಲ. ದೋಟಿಗೆ ಕುಡಗೋಲು ಕಟ್ಟಿ ನೆಲದಿಂದಲೇ ಎಳೆದು ನೋಡಿದರು. ದೋಟಿಗೆ ಸಿಗುವ ಟೊಂಗೆಗಳೆಲ್ಲ ಯಾವಾಗಲೋ ಬೋಳಾಗಿದ್ದವು. ಅರ್ಧ ಆಡು ಮಾರೋಣ ಎಂದ ಯಲಗೂರಪ್ಪ.

“ಮಾರು,” ಎಂದಳು ಮುದುಕವ್ವ. “ಒಂದ ಮಾರು, ನಾಕ ಮಾರು. ಅರ್ಧ ಆಡಿನ ಹಾಲು ಅರ್ಧ ಮನಿಗೆ. ಯಾರ ಉಪವಾಸ ಇರೂದಂತ ನೀನ ಹೇಳು. ನಿಮ್ಮಪ್ಪ ಸತ್ತಾಗ ಈ ಮನ್ಯಾಗ ಎರಡ ಆಡು ಇದ್ದೂ ಲೇ. ಹತ್ತೊಂಬತ್ತ ಮಾಡಿದ್ದು ನಾನು.”

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ತಾಯವ್ವನಿಗೆ ಹೆಚ್ಚು ದಣಿವು ತಂದದ್ದು. ಅತ್ತೆ ಕೆಟ್ಟವಳಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮಿರುಗಕ್ಕೆ ನಾಲ್ಕು ದಿನ ಇರುವಾಗ ಯಲಗೂರಪ್ಪ ಯಾರಿಗೂ ಹೇಳದೆ ಗಿಡಕ್ಕೆ ಕೈ ಹಚ್ಚಿದ. ತಾಯವ್ವ ನೀರು ತಂದು ಹಿತ್ತಿಲಿಗೆ ಬಂದಾಗ ಅವನು ಮೊದಲ ಕವಲಿನ ತನಕ ತೆಕ್ಕೆ ಬಿದ್ದು ಏರಿ ಕೂತಿದ್ದ. ಮಡಚದ ಕಾಲು ದೋಟಿಯ ಹಾಗೆ ನೆಟ್ಟಗೆ ಗಾಳಿಯಲ್ಲಿ ಚಾಚಿತ್ತು. ಮುಂದೆ ಏರಲಾಗದು, ಕೆಳಗೆ ಇಳಿಯಲಾಗದು. ಮೈಯೆಲ್ಲ ಬೆವರು.

“ನಾ ಇಳಿತೇನಿ, ನೀ ಹೋಗು,” ಎಂದ ಹೆಂಡತಿಗೆ. ಆದರೆ ಇಳಿಯಲಿಲ್ಲ.

ಸಕ್ರವ್ವ ಓಡಿ ಬಂದು ಅಪ್ಪನ ಪಕ್ಕಕ್ಕೆ ಏರಿದಳು. “ಯಪ್ಪಾ, ಬಲಗಾಲ ಸುಮ್ನ ಬಿಡು. ಎಡಗಾಲ ನಾ ಹಿಡದಲ್ಲಿ ಇಡು. ಹಾಂ. ಈಗ ಮೈ ಬಿಡು,” ಎಂದು ತಾಯಿ ತನಗೆ ಹೇಳುವಂತೆಯೇ ಹೇಳಿ ಹೇಳಿ ಅವನನ್ನು ಇಳಿಸಿದಳು. ಯಲಗೂರಪ್ಪ ಕೋಲು ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಕೊಟ್ಟಿಗೆಗೆ ಹೋದ. ಗಂಡನ ತೋಳ ಮೇಲೆ ತರಚಿದ ಗೆರೆ ನೋಡಿ ತಾಯವ್ವ ಅರಿಸಿನ, ಎಣ್ಣೆ ತರಲು ಒಳಗೆ ಹೋದಳು.

ಊಟಕ್ಕೆ ಕೂತಾಗ ಸಕ್ರವ್ವ ರೊಟ್ಟಿ ಮುರಿಯುತ್ತ, “ನಾ ಹೋಗಂಗಿಲ್ಲ,” ಎಂದಳು.

ಐದು ವಾರ ಈ ಮಾತಿಗಾಗಿಯೇ ಕಾದ ಮುದುಕವ್ವ, ಅದು ಬಂದಾಗ ಪುಂಡಿಪಲ್ಲೆಯ ಪರಿಯಾಣವನ್ನು ಮೊಮ್ಮಗಳ ಕಡೆ ಸರಿಸಿ, “ತಿನ್ನು,” ಎಂದಳು.

“ಯಾಕ ಹೋಗಂಗಿಲ್ಲ?” ಎಂದು ಕೇಳಿದಳು ತಾಯವ್ವ.

“ಅಪ್ಪ ಮತ್ತ ಏರತಾನ. ಮತ್ತ ಬೀಳತಾನ.”

“ನಿಮ್ಮಪ್ಪ ಏರಂಗಿಲ್ಲ. ನಿನ್ನ ಪರಕಾರ ಒಗದ ಇಟ್ಟೇನಿ. ಗಂಟ ಕಟ್ಟಿಕೋ.”

“ಮತ್ತ ಯಾರ ಏರತಾರ ಬೇ?”

“ಅದು ನಿನ್ನ ಕೆಲಸಲ್ಲ. ಹನ್ನೊಂದ ವರ್ಷದ ಹುಡುಗಿಗೆ ಇಷ್ಟು ಯೋಚನಿ ಸಾಕು,” ಎಂದು ತಾಯವ್ವ ತನ್ನ ಪಾಲಿನ ಅರ್ಧ ರೊಟ್ಟಿಯನ್ನು ಮಗಳ ಪರಿಯಾಣಕ್ಕೆ ಹಾಕಿದಳು. ದನಿ ಏರಿಸಿರಲಿಲ್ಲ. ಆದರೂ ಮುದುಕವ್ವ ಅವಳನ್ನು ಕಣ್ಣು ಕಿರಿದು ಮಾಡಿ ನೋಡಿದಳು.

ಮಿರುಗ ಕೂಡಿದ ದಿನ ಮಳೆ ಬರಲಿಲ್ಲ, ಮೋಡವಷ್ಟೇ ಬಂತು. ಮೊದಲ ಬಸ್ಸಿಗೆ ಬುಡ್ಡೇಸಾಬ ಮಾಸ್ತರನ ಕೂಡ ಸಕ್ರವ್ವನನ್ನು ಹತ್ತಿಸಿದರು. ಹುಡುಗಿ ಅಳಲಿಲ್ಲ. ಕಿಟಕಿಯಿಂದ ಬಗ್ಗಿ, “ಯವ್ವಾ, ಬಡಗಣ ಟೊಂಗಿ ಟೊಳ್ಳ ಐತಿ, ಸಾಬಣ್ಣಗ ಹೇಳು,” ಎಂದಳು. ಸಾಬಣ್ಣ ಮತ್ತೆ ಬರುತ್ತಾನೆ ಎಂದು ಅವಳಿಗೆ ಸುಳ್ಳು ಹೇಳಿದ್ದರು.

ಮುಂದೆ ಐದು ವರ್ಷಕ್ಕೆ ದಿಲ್ಲಿಯ ಪಂದ್ಯ ಗೆದ್ದು ಬಂದ ಸಕ್ರವ್ವನನ್ನು ಪೇಪರಿನವರು ಈ ಆಟ ಎಲ್ಲಿ ಶುರುವಾಯಿತು ಎಂದು ಕೇಳಿದರು. ವಿಜಾಪುರದಲ್ಲಿ ಎಂದಳಂತೆ. ಪೂರಾ ಸುಳ್ಳಲ್ಲ, ಪೂರಾ ಖರೆಯೂ ಅಲ್ಲ. ಬಸ್ಸು ಹೋದ ಮೇಲೆ ಹಿತ್ತಿಲಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ.

ತಾಯವ್ವ ಮನೆಗೆ ಬಂದಾಗ ಆಡುಗಳು ಗಿಡದ ಬುಡದಲ್ಲಿ ಕತ್ತು ಮೇಲೆ ಮಾಡಿ ಒದರುತ್ತಿದ್ದವು. ಮುದುಕವ್ವ ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತಿದ್ದಳು. ತಾಯವ್ವ ಒಳಗೆ ಹೋಗಿ ಕುಡಗೋಲು ತಂದಳು, ಸೀರೆ ಎತ್ತಿ ಕಚ್ಚೆ ಬಿಗಿದಳು, ಸೆರಗು ಸೊಂಟಕ್ಕೆ ಸುತ್ತಿದಳು.

“ತಾಯವ್ವ, ಬ್ಯಾಡ,” ಎಂದಳು ಮುದುಕವ್ವ. “ಗಿಡ ಚಿಗರಂಗಿಲ್ಲ.”

“ಚಿಗರಲಿಲ್ಲಂದ್ರ ಯುಗಾದಿಗೆ ನನ್ನ ಬೈರಿ ಅತ್ತಿ. ಇವತ್ತ ಆಡು ಒದರಾಕತ್ತಾವ.”

ಅವಳು ಗಿಡ ಅಪ್ಪಿದಳು. ಹದಿಮೂರು ವರ್ಷದ ಹಿಂದೆ ಬಿಟ್ಟದ್ದು. ಆಗ ಮೈ ಹಗುರಿತ್ತು, ಅಂಗಾಲು ಮೆತ್ತಗಿದ್ದವು. ಈಗ ಮೂರು ಬಾಣಂತನದ ಸೊಂಟ, ಕೊಡ ಹೊತ್ತ ಕತ್ತು. ಮೂರರಲ್ಲಿ ಉಳಿದದ್ದು ಒಂದು, ಅದನ್ನು ಈಗ ತಾನೇ ಬಸ್ಸಿಗೆ ಹತ್ತಿಸಿ ಬಂದಿದ್ದಳು. ಮೊದಲ ಕವಲು ಮುಟ್ಟುವುದರಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಎರಡು ವರ್ಷ ಮಗಳಿಗೆ ದಿನಾ ಹೇಳಿದ ದಾರಿ, ಕೆಳಗಿನಿಂದ ಕಣ್ಣು ಮುಚ್ಚಿದರೂ ಕಾಣುತ್ತಿದ್ದ ದಾರಿ, ಮೇಲೆ ಬಂದರೆ ಕಾಣಲಿಲ್ಲ. ಎಲೆ, ಬೆಳಕು, ಮತ್ತೆ ಎಲೆ. ಕಾಲು ಎಲ್ಲಿಡಬೇಕೆಂದು ತಿಳಿಯದೆ ಅವಳು ಟೊಂಗೆ ಅಪ್ಪಿ ನಿಂತುಬಿಟ್ಟಳು. ಇಲ್ಲಿಂದ ತನ್ನನ್ನು ಇಳಿಸಲಿಕ್ಕೆ ಸಕ್ರವ್ವ ಇಲ್ಲ ಎನ್ನುವುದು ನೆನಪಾಯಿತು, ಅಳು ಬಂತು.

“ಎಡಗಾಲ ಆ ಕವಲಿಗೆ ಹಾಕು,” ಎಂದಿತು ಕೆಳಗಿನಿಂದ ಒಂದು ದನಿ.

ತಾಯವ್ವ ಕೆಳಗೆ ನೋಡಿದಳು. ಮುದುಕವ್ವ ಎದ್ದು ನಿಂತು, ಬೆಳಕಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು.

“ಅದಕ್ಕಲ್ಲ, ಅದರ ಮ್ಯಾಲಿಂದಕ್ಕ. ತೊಡಿ ಬಿಗಿ ಹಿಡಿ.”

ಕಾಲು ಕವಲಿಗೆ ಸಿಕ್ಕಿತು. ತೊಡೆ ಬಿಗಿಯಿತು.

“ಇದೆಲ್ಲಾ ನನ್ನ ಬಾಯಿಂದ ಕೇಳಿ ಕಲತೀರೇನ ಅತ್ತಿ?”

ಮುದುಕವ್ವ ಬುಡದ ಕಡೆ ಒಂದು ಹೆಜ್ಜೆ ಬಂದಳು. “ನಾನೂ ಒಬ್ಬರ ಮಗಳ ಇದ್ನಿ,” ಎಂದಳು. “ನನ್ನ ತವರು ಹೊನವಾಡದಾಗ ಗಿಡ ಇರಲಿಲ್ಲೇನು. ಮಾತ ಸಾಕು, ಕೈ ಬಿಡು. ಮೊದಲ ಒದರು.”

ತಾಯವ್ವ ಒಂದು ಕೈ ಬಿಟ್ಟಳು, ಇನ್ನೊಂದನ್ನೂ ಬಿಟ್ಟಳು. ಸೊಂಟದಿಂದ ಕುಡಗೋಲು ತೆಗೆದಳು. ರಾಗ ಎಳೆದು ಒದರಿದಳು.

“ಸರೀರಿ, ಸರೀರಿ, ಬರಾಕತ್ತೈತಿ.”

ಮುದುಕವ್ವ ಆಡುಗಳನ್ನು ಹಿಂದಕ್ಕೆ ತಳ್ಳಿ, ತಾನೂ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.